ಗಾಜಣ್ಣನ ಚಿನ್ನದ ಕೈ

ಗಾಜಣ್ಣನ ಆ ದಿನದ ಫಜೀತಿಗೆಲ್ಲ ಮೂಲ ಒಂದು ಹೊಗಳಿಕೆ. ಗೋಡೆ ಗಡಿಯಾರದ ಕಾರ್ಖಾನೆಯಲ್ಲಿ ಗಡಿಯಾರದ ಮುಖಕ್ಕೆ ಗಾಜು ಕೂರಿಸುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೊಂದೇ ಕೆಲಸ, ಅದಕ್ಕೇ ಆ ಹೆಸರು. ಜಗತ್ತಿಗೆಲ್ಲ ಹೊತ್ತು ತೋರಿಸಿದ ಈ ಪುಣ್ಯಾತ್ಮ ತಾನು ಮಾತ್ರ ದಿನಾ ಐದು ನಿಮಿಷ ತಡವಾಗಿ ಬರುತ್ತಿದ್ದ. ಅಂಥವನನ್ನು ಹಿಂದಿನ ದಿನ ಮ್ಯಾನೇಜರು ಕರೆದು, "ನಿಮ್ಮದು ಚಿನ್ನದಂಥ ಕೈ ಕಣ್ರೀ. ನಾಳೆ ರೋಬೋಟ್ ಬರುತ್ತೆ. ಅದಕ್ಕೆ ಕೆಲಸ ಕಲಿಸೋಕೆ ನೀವೇ ಸರಿ" ಅಂದುಬಿಟ್ಟಿದ್ದರು.

ಗಾಜಣ್ಣ ಉಬ್ಬಿಹೋದ. ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಮೇಷ್ಟರ ಗತ್ತಿನಲ್ಲಿ ಹೊರಟು ನಿಂತಾಗ ಹೆಂಡತಿ ಒಂದೇ ಒಂದು ಮಾತು ಕೇಳಿದಳು.

"ಅದು ಕಲಿತ ಮೇಲೆ ನೀವೇನು ಮಾಡ್ತೀರಿ?"

ಇದು ಅವನಿಗೆ ಹೊಳೆದೇ ಇರಲಿಲ್ಲ. ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಕೂತು, ಎರಡು ಸ್ಟಾಪು ಮುಂದೆ ಇಳಿದು, ಕಾರ್ಖಾನೆಗೆ ಐದರ ಬದಲು ಇಪ್ಪತ್ತು ನಿಮಿಷ ತಡವಾಗಿ ಹೋದ.

ರೋಬೋಟ್ ಅಂದರೆ ಅವನ ಮೇಜಿಗೇ ಬಿಗಿದಿದ್ದ ಒಂದು ಬಿಳಿ ತೋಳು, ಅಷ್ಟೆ. ತಲೆಯಿಲ್ಲ, ಮುಖವಿಲ್ಲ. ಪಕ್ಕದಲ್ಲಿ ಕಂಪ್ಯೂಟರ್ ಹಿಡಿದು ನಿಂತಿದ್ದ ಇಂಜಿನಿಯರ್ ಹುಡುಗಿ, "ಸರ್, ಈ ಕೈ ಹಿಡ್ಕೊಂಡು ನೀವು ದಿನಾ ಮಾಡೋ ಹಾಗೇ ಮಾಡಿ. ಅದು ಹಾಗ್ಹಾಗೇ ನೆನಪಿಟ್ಕೊಳ್ಳುತ್ತೆ. ಸಂಜೆ ಯಜಮಾನರು ನೋಡೋಕೆ ಬರ್ತಾರೆ" ಅಂದಳು.

ಅಷ್ಟರಲ್ಲಿ ಪ್ಯಾಕಿಂಗ್ ಅಕ್ಕ ಅವನ ತೋಳು ಹಿಡಿದು ಕಂಬದ ಮರೆಗೆ ಎಳೆದಳು. ಯೂನಿಯನ್ ಲೀಡರ್ ಅಲ್ಲಿ ಮೊದಲೇ ಕಾದು ನಿಂತಿದ್ದ.

"ಅದು ಪಾಸಾದ್ರೆ ನೀನು ಮನೆಗೆ, ಗೊತ್ತಾಯ್ತಾ?" ಅಂದ ಲೀಡರ್. "ಕೆಟ್ಟದಾಗಿ ಕಲಿಸು. ಗಾಜು ಮಾತ್ರ ಒಡೀಬೇಡ, ಸಿಕ್ಕಿಬೀಳ್ತೀಯ."

"ಬರೀ ಸೋಮಾರಿತನ ಕಲಿಸು ಅಣ್ಣಾ," ಅಂದಳು ಅಕ್ಕ. "ಅದನ್ನ ನೋಡಿ ಯಜಮಾನ್ರು ವಾಪಸ್ ಕಳಿಸ್ಬೇಕು."

ಗಾಜಣ್ಣನಿಗೆ ಜೀವ ಬಂದಂತಾಯಿತು. ರೋಬೋಟಿನ ತೋಳು ಹಿಡಿದು ಶುರು ಮಾಡಿದ. ಗಾಜು ಎತ್ತಿದ, ಗಡಿಯಾರದ ಮೇಲೆ ಉಫ್ ಅಂದ, ಗಾಜು ಕೂರಿಸಿದ, ತೋಳಿನ ತುದಿಯಿಂದ ಟಕ್ ಟಕ್ ಟಕ್ ಅಂತ ಮೂರು ಸಲ ತಟ್ಟಿದ. ಆ ಮೂರು ತಟ್ಟು ಅವನ ಹೆಮ್ಮೆ. ಆಮೇಲೆ ನಾಟಕ ಶುರುವಾಯಿತು. ತೋಳನ್ನು ಮೇಲೆತ್ತಿ ಮೈಮುರಿದ. ಹಿಂದಕ್ಕೆ ಬಗ್ಗಿಸಿ ಬೆನ್ನು ಕೆರೆದುಕೊಂಡ. ಮ್ಯಾನೇಜರ ಕೋಣೆಯತ್ತ ತಿರುಗಿಸಿ, ತಟ್ಟನೆ ಮೇಜಿನ ಮೇಲೆ ಬಗ್ಗಿ, ಇಲ್ಲದ ಕಸ ಒರೆಸಿದ. ಮತ್ತೆ ಮುಂದಿನ ಗಾಜು. ಇಡೀ ಬೆಳಿಗ್ಗೆ ಹೀಗೇ ನಡೆಯಿತು. ತಾನು ಎಂಥ ನಟ ಅಂತ ಅವನಿಗೇ ಆಶ್ಚರ್ಯ.

ಊಟದ ಹೊತ್ತಿಗೆ ಪ್ಯಾಕಿಂಗ್ ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ಅಣ್ಣಾ! ಕೆಟ್ಟದಾಗಿ ಕಲಿಸು ಅಂದ್ರೆ, ನೀನು ದಿನಾ ಮಾಡೋದನ್ನೇ ಕಲಿಸ್ತಿದ್ದೀಯಲ್ಲ!"

ಗಾಜಣ್ಣ ಇಪ್ಪತ್ತೆರಡು ವರ್ಷ ಹಿಂತಿರುಗಿ ನೋಡಿದ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಊಟದ ಡಬ್ಬಿ ಮುಚ್ಚಿ ಎದ್ದ.

ಸಂಜೆ ಯಜಮಾನರು ಬಂದರು. ಮಾತಾಡಿದರೆ ಶಬ್ದ ಖರ್ಚಾದೀತು ಅನ್ನುವಂಥ ಮಿತವ್ಯಯದ ಮನುಷ್ಯ. ಇಂಜಿನಿಯರ್ ಹುಡುಗಿ ಗುಂಡಿ ಒತ್ತಿದಳು. ತೋಳು ಗಾಜು ಕೂರಿಸಿತು, ಮೂರು ಸಲ ತಟ್ಟಿತು, ಮೈಮುರಿಯಿತು, ತನಗಿಲ್ಲದ ಬೆನ್ನನ್ನು ಕೆರೆದುಕೊಂಡಿತು. ಆಮೇಲೆ ಮ್ಯಾನೇಜರ ಕೋಣೆಯತ್ತ ಕಳ್ಳನೋಟ ಬೀರಿ, ಗಡಬಡಿಸಿ ಮೇಜು ಒರೆಸತೊಡಗಿತು. ಕಾರ್ಖಾನೆಗೆ ಕಾರ್ಖಾನೆಯೇ ಬಾಯಿಗೆ ಕೈ ಅಡ್ಡ ಹಿಡಿಯಿತು. ಮ್ಯಾನೇಜರು ರೋಬೋಟನ್ನು ಬಿಟ್ಟು ಗಾಜಣ್ಣನನ್ನು ನೋಡಿದರು.

"ಇದ್ಯಾಕೆ ಕೆರ್ಕೊಳ್ತಿದೆ?" ಅಂದರು ಯಜಮಾನರು.

"ಬೇಡದ್ದನ್ನ ತೆಗೆದುಬಿಡಬಹುದು ಸರ್," ಅಂತ ಹುಡುಗಿ ಕಂಪ್ಯೂಟರ್‌ನಲ್ಲಿ ಏನೋ ಅಳಿಸಿದಳು. ಮೈಮುರಿತ ಹೋಯಿತು, ಕೆರೆತ ಹೋಯಿತು. "ಈ ಟಕ್ ಟಕ್ ಯಾಕೆ ಸರ್?" ಅಂತ ಗಾಜಣ್ಣನನ್ನು ಕೇಳಿದಳು.

"ಮರ್ಮ ಇರೋದೇ ಅದರಲ್ಲಿ ತಾಯೀ! ತಟ್ಟದೆ ಇದ್ರೆ ಗಾಜು ಕೂರಲ್ಲ."

ಅವಳು ಅದನ್ನೂ ಅಳಿಸಿದಳು. ಗಾಜು ತನ್ನ ಪಾಡಿಗೆ ತಾನು ಕೂತಿತು. ತೋಳು ಗಾಜಣ್ಣನ ನಾಲ್ಕು ಪಟ್ಟು ವೇಗದಲ್ಲಿ ಕೆಲಸ ಮಾಡತೊಡಗಿತು. ಇಪ್ಪತ್ತೆರಡು ವರ್ಷದ ವಿದ್ಯೆ ಎರಡು ಗುಂಡಿಗೆ ಮುಗಿದಿತ್ತು, ಅವನಿಗೆ ಅಳುವೇ ಬಂತು.

"ಅಯ್ಯೋ, ಇದರೊಳಗೆ ಧೂಳು!" ಡಬ್ಬದಲ್ಲಿಡಲು ಗಡಿಯಾರ ಎತ್ತಿದ ಪ್ಯಾಕಿಂಗ್ ಅಕ್ಕ ಕೂಗಿದಳು. ಒಂದರಲ್ಲಲ್ಲ, ಎಲ್ಲದರಲ್ಲೂ ಗಾಜಿನ ಒಳಗೆ ಧೂಳು. "ಅಣ್ಣ ಗಾಜಿಡೋ ಮುಂಚೆ ಉಫ್ ಅಂತ ಊದ್ತಾನೆ ಸರ್. ಇದಕ್ಕೆ ಬಾಯೆಲ್ಲಿದೆ?"

ಊದುತ್ತಿದ್ದೆ ಅನ್ನುವುದು ಗಾಜಣ್ಣನಿಗೇ ಆಗ ಗೊತ್ತಾದದ್ದು. ಆದರೂ ಎದೆ ಸೆಟೆಸಿ ಮುಂದೆ ಬಂದ. "ಯಂತ್ರಕ್ಕೆ ಉಸಿರೆಲ್ಲಿಂದ ಬರ್ಬೇಕು ಯಜಮಾನ್ರೇ? ನನ್ನ ಉಸಿರಿಲ್ದೆ ಇಲ್ಲಿ ಒಂದು ಗಡಿಯಾರಾನೂ ಆಗಲ್ಲ!"

ಲೀಡರ್ ಚಪ್ಪಾಳೆ ಹೊಡೆದ. ಎಲ್ಲರೂ ಹೊಡೆದರು.

"ಒಂದು ಗಾಳಿ ಪಂಪ್ ಹಾಕಿದ್ರೆ ಸರಿಹೋಗುತ್ತೆ ಸರ್," ಅಂದಳು ಹುಡುಗಿ.

"ಪಂಪ್ ಯಾಕಮ್ಮಾ ದಂಡ?" ಅಂದರು ಯಜಮಾನರು. "ಇವರಿದ್ದಾರಲ್ಲ."

ಕೆಲಸ ಉಳಿಯಿತು. ಆ ಗಳಿಗೆಯಿಂದಲೇ ಗಾಜಣ್ಣ ತೋಳಿನ ಪಕ್ಕ ನಿಂತು ಊದತೊಡಗಿದ. ನಾಲ್ಕು ಪಟ್ಟು ವೇಗದಲ್ಲಿ ಉಫ್, ಉಫ್, ಉಫ್. ಬೆನ್ನು ತುರಿಸಿದರೂ ಬಿಡುವಿಲ್ಲ. "ಸರ್, ಕೈ ಹಿಂದೆ ಕಟ್ಕೊಂಡು ನಿಲ್ಲಿ, ತೋಳು ತಾಗೀತು," ಅಂದಳು ಹುಡುಗಿ. ಚಿನ್ನದ ಕೈ ಬೆನ್ನ ಹಿಂದೆ ಹೋಯಿತು.

ಮನೆಗೆ ಬಂದವನು ಬಾಗಿಲಲ್ಲಿ ಹಾಗೇ ಕೈ ಹಿಂದೆ ಕಟ್ಟಿ ನಿಂತಿದ್ದ. ಕೆನ್ನೆ ಎರಡೂ ಜೋತುಬಿದ್ದಿದ್ದವು.

"ಕೆಲಸ ಉಳೀತಾ?" ಅಂದಳು ಹೆಂಡತಿ.

"ಉಳೀತು."

ಅವಳ ಮುಖ ಅರಳಿತು. ಒಳಗೆ ಓಡಿ ಒಂದು ದೊಡ್ಡ ಲೋಟದ ತುಂಬ ಚಹಾ ತಂದು ಅವನ ಕೈಗಿಟ್ಟಳು. "ಸುಡ್ತಾ ಇದೆ. ಊದ್ಕೊಂಡು ಕುಡೀರಿ."

ಗಾಜಣ್ಣ ಲೋಟ ನೋಡಿದ, ಹೆಂಡತಿಯನ್ನು ನೋಡಿದ, ಕಣ್ಣು ಮುಚ್ಚಿಕೊಂಡು ಅಷ್ಟನ್ನೂ ಗಟಗಟನೆ ಸುಡುಸುಡು ಕುಡಿದುಬಿಟ್ಟ.