ಹಲ್ಲಿಗೆ ಬಂದ ಕೊಂಬು

ಸುಳ್ಳು ಹೇಳಿದರೆ ನನ್ನ ಹಲ್ಲು ಉದುರಲಿ, ಇದು ನಡೆದದ್ದೇ.

ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ ಪೇಂಟರ್ ‘ಹ’ಕ್ಕೆ ಒಂದು ಕೊಂಬು ಹೆಚ್ಚಿಗೆ ಎಳೆದುಬಿಟ್ಟಿದ್ದ: ‘ಇಲ್ಲಿ ನೋವಿಲ್ಲದೆ ಹುಲ್ಲು ಕೀಳಲಾಗುವುದು.’ ಬೇರೆಯವರಾಗಿದ್ದರೆ ಅಳಿಸುತ್ತಿದ್ದರು. ಡಾಕ್ಟರು ಯೋಚಿಸಿದರು. ಹಲ್ಲು ಕಿತ್ತರೆ ತೆರಿಗೆ. ಹುಲ್ಲು ಕಿತ್ತರೆ ಕೃಷಿ, ಕೃಷಿಗೆ ತೆರಿಗೆ ಮಾಫಿ. ಅಂದಿನಿಂದ ಕ್ಲಿನಿಕ್ಕಿನ ಅಷ್ಟೂ ಆದಾಯ ಸರ್ಕಾರದ ಕಣ್ಣಿಗೆ ಹುಲ್ಲಾಯಿತು. ಕೃಷಿಯಲ್ಲಿ ಅಷ್ಟು ಖುಷಿಯನ್ನು ಯಾವ ರೈತನೂ ಕಂಡಿರಲಿಲ್ಲ.

ಈ ಜಾಣತನವನ್ನು ಮಹಡಿ ಮನೆಯ ಮಿಮಿಕ್ರಿ ಮಾಮನ ಮುಂದೆ ಕೊಚ್ಚಿಕೊಂಡದ್ದೇ ತಪ್ಪಾಯಿತು. ಮರುದಿನ ಬೆಳಗ್ಗೆ ಫೋನು ಬಂತು. ಮೂಗಿನಿಂದ ಹೊರಡುವ ಹೊರದೇಶದ ದನಿ.

“ನಾವು ಅಂತಾರಾಷ್ಟ್ರೀಯ ವ್ಯಾಪಾರದ ಕಚೇರಿಯವ್ರು. ತೆರಿಗೆ ಮಾಫಿಯಿಂದ ನಿಮ್ಮ ಹುಲ್ಲು ಅಗ್ಗ ಆಗಿದೆಯಂತೆ. ಹೊರಗಿನ ಹುಲ್ಲನ್ನ ಯಾರೂ ಮೂಸ್ತಿಲ್ಲ. ಇದು ನಿಯಮಕ್ಕೆ ವಿರುದ್ಧ.”

“ಸಾರ್, ನನ್ನ ಹುಲ್ಲು ಈ ಬೀದಿನೇ ದಾಟಿಲ್ಲ.”

“ಸಂಜೆ ಬಂದು ನೋಡ್ತೀವಿ. ಹುಲ್ಲಿಲ್ಲ ಅಂದ್ರೆ ಮಾಫಿನೂ ಇಲ್ಲ, ನೀವೂ ಹೊರಗಿರಲ್ಲ.”

ಡಾಕ್ಟರ ಸ್ವಂತ ಹಲ್ಲುಗಳೇ ಕಟಕಟ ಎಂದವು. ಪಾರ್ಕಿನ ಮಾಲಿಗೆ ಕೈಮುಗಿದು ಹೊರೆ ಹುಲ್ಲು ಹೊತ್ತು ತಂದರು. ರೋಗಿಗಳ ಕುರ್ಚಿ, ಬಾಯಿ ಮುಕ್ಕಳಿಸುವ ಬೇಸಿನ್ನು, ಎಲ್ಲಾ ಹಸಿರಾಯಿತು.

“ರೀ, ಇಷ್ಟನ್ನೂ ಮೇಯೋರು ಯಾರು?” ಎಂದಳು ಹೆಂಡತಿ.

“ರೈತನ್ನ ಹಂಗಿಸ್ಬೇಡ ಕಣೇ.”

ಅಷ್ಟರಲ್ಲಿ ವಾಸನೆ ಹಿಡಿದು ಹಾಲಿನವನ ಹಸು ಒಳಗೆ ಬಂತು. ಬೋರ್ಡಿನ ಕೊಂಬಿಗೂ ಹಸುವಿನ ಕೊಂಬಿಗೂ ಇರುವ ವ್ಯತ್ಯಾಸ ಡಾಕ್ಟರ ಪ್ಯಾಂಟಿನ ಹಿಂಭಾಗಕ್ಕೆ ತಿಳಿಯಿತು. ಅವರು ಹಸುವನ್ನು ಹೊರಗಟ್ಟುವ ಹೊತ್ತಿಗೆ, ಕೆನ್ನೆ ಬನ್ನಿನಂತೆ ಊದಿದ ರೋಗಿಯೊಬ್ಬರು ಬಂದು ಮೂಲೆಯ ಬೆಂಚಿನಲ್ಲಿ ಕೂತರು.

ಅವರ ಬೆನ್ನಿಗೇ, ಹೇಳಿದಂತೆ ಸಂಜೆಗೆ, ಕೋಟು, ಕರಿಕನ್ನಡಕದ ಅಧಿಕಾರಿ ಬಂದರು. ಒಂದು ಎಸಳು ಎತ್ತಿ ಮೂಸಿದರು.

“ಇದು ಹಾಲುಹುಲ್ಲೋ, ದವಡೆಹುಲ್ಲೋ?”

“ದವಡೆ... ಅಲ್ಲ, ಗದ್ದೆದು ಸಾರ್.”

ಕನ್ನಡಕ ಕಳಚಿತು. ಮಿಮಿಕ್ರಿ ಮಾಮ! ಬಾಗಿಲಲ್ಲಿ ಕಾದಿದ್ದ ನೆರೆಯವರೂ ಹೆಂಡತಿಯೂ ಬಿದ್ದುಬಿದ್ದು ನಕ್ಕರು.

ಡಾಕ್ಟರಿಗೆ ಹೋದ ಜೀವ ಬಂತು. “ಥೂ ಮಾಮ, ನಾನು ನಿಜ ಅಂದ್ಕೊಂಡಿದ್ದೆ. ಹುಲ್ಲಂತೆ ಹುಲ್ಲು. ಒಂದು ಗರಿಕೆನೂ ಬೆಳೆದೋನಲ್ಲ ನಾನು. ಎಲ್ಲಾ ಹಲ್ಲು ಕಿತ್ತ ದುಡ್ಡೇ.”

ಮೂಲೆಯ ರೋಗಿ ಕೆನ್ನೆ ಹಿಡಿದುಕೊಂಡು ಎದ್ದರು. “ಡಾಕ್ಟ್ರೇ, ನಾನು ತೆರಿಗೆ ಇಲಾಖೆಯವನು. ಹಲ್ಲುನೋವು ಅಂತ ಬಂದಿದ್ದೆ. ಮೊದಲು ನಿಮ್ಮ ಹುಲ್ಲಿನ ವಿಷಯ ಮಾತಾಡೋಣ.”

ಮಾಮನ ನಗು ಅರ್ಧದಲ್ಲೇ ನಿಂತಿತು. ಈ ಮನುಷ್ಯ ಯಾರೆಂದು ಅವರಿಗೆ ಗೊತ್ತೇ ಇರಲಿಲ್ಲ. ನೆರೆಯವರು ಮೆಲ್ಲಗೆ ಚಪ್ಪಲಿ ಹುಡುಕತೊಡಗಿದರು.

ಡಾಕ್ಟರು ಮಾತ್ರ, “ಮಾಮ, ಇವ್ರನ್ನ ಎಲ್ಲಿಂದ ಹಿಡ್ಕೊಂಡ್ ಬಂದ್ರಿ? ಕೆನ್ನೆಯೊಳಗೆ ಹತ್ತಿ ತಾನೇ?” ಎಂದು ಆ ಊದಿದ ಕೆನ್ನೆಗೆ ಪಟಾರೆಂದು ಒಂದು ತಟ್ಟಿ, ಎಲ್ಲರಿಗಿಂತ ಜೋರಾಗಿ ನಕ್ಕರು.