ಗಾಜಿನ ಕಿಟಕಿಯಿಂದ ಸುತ್ತೋಲೆ ಕಿತ್ತುಹಾಕಿದ ಬಗ್ಗೆ

ಹೆರಿಗೆ ಆಸ್ಪತ್ರೆ, ಅಧೀಕ್ಷಕರ ಕಚೇರಿ
ಸಂಖ್ಯೆ: ಹೆಆ/ಅಧೀ/ಶೀತಜ್ವರ/ಸುತ್ತೋಲೆ-17

ವಿಷಯ: ಸಾಂಕ್ರಾಮಿಕ ಶೀತಜ್ವರದಿಂದ ನವಜಾತ ಶಿಶುಗಳನ್ನು ರಕ್ಷಿಸುವ ಬಗ್ಗೆ, ಹಾಗೂ ಸದರಿ ರಕ್ಷಣೆಯ ಸುತ್ತೋಲೆಗಳನ್ನು ಮುಖ್ಯ ಶುಶ್ರೂಷಕಿಯವರು ಕಿತ್ತುಹಾಕಿರುವ ಬಗ್ಗೆ.

ಉಲ್ಲೇಖ: 1. ಇದೇ ಕಚೇರಿಯ ಸುತ್ತೋಲೆ 1ರಿಂದ 16 (ಯಾರೂ ಓದಿರುವುದಿಲ್ಲ).
2. ಮುಖ್ಯ ಶುಶ್ರೂಷಕಿಯವರ ಮೌಖಿಕ ಉತ್ತರ (ಎಲ್ಲರೂ ಕೇಳಿರುತ್ತಾರೆ).

ಶೀತಜ್ವರವು ಊರಿಗೆ ಊರನ್ನೇ ಮಲಗಿಸಿರುವ ಈ ದಿನಗಳಲ್ಲಿ, ಶಿಶು ವಾರ್ಡಿನ ಒಂಬತ್ತು ಕೂಸುಗಳಿಗೆ ಸೋಂಕು ತಗಲದಂತೆ ಕೆಳಕಂಡ ಕ್ರಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ಈ ಮೂಲಕ ಸೂಚಿಸಲಾಗಿದೆ.

1. ಸೀನಬಯಸುವವರು ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಮಂಜೂರಾತಿ ಬರುವವರೆಗೆ ಸೀನನ್ನು ಸ್ವಂತ ಜವಾಬ್ದಾರಿಯ ಮೇಲೆ ತಡೆಹಿಡಿಯತಕ್ಕದ್ದು. ಮಂಜೂರಾದ ಸೀನನ್ನು ಗೇಟಿನ ಹೊರಗೆ ಸೀನತಕ್ಕದ್ದು. ಶಿಶುಗಳಿಗೆ ಸಹಿ ಹಾಕಲು ಬಾರದ ಕಾರಣ ವಿನಾಯಿತಿ ನೀಡಲಾಗಿದೆ.

2. ಕೆನ್ನೆ ಹಿಂಡುವುದು, ಮುದ್ದಿಸುವುದು ನಿಷಿದ್ಧ. "ನಾನು ಸೋದರತ್ತೆ ಕಣ್ರೀ, ನನಗೂ ರೂಲ್ಸಾ?" ಎಂಬ ವಾದವನ್ನು ಪರಿಗಣಿಸಲಾಗದು. ವೈರಾಣುವು ಸಂಬಂಧ ವಿಚಾರಿಸುವುದಿಲ್ಲವೆಂದು ತಾಂತ್ರಿಕ ಸಮಿತಿ ವರದಿ ನೀಡಿದೆ.

3. ಕೂಸಿನ ಮೂಗು ಯಾರ ಕಡೆಯದು ಎಂಬ ಚರ್ಚೆಯನ್ನು ಬೀಗರು ಎದುರಿನ ಫುಟ್‌ಪಾತಿನಲ್ಲಿ ನಡೆಸತಕ್ಕದ್ದು. ಪುರಾವೆಗೆಂದು ಮಾಸ್ಕ್ ಇಳಿಸಿ ಸ್ವಂತ ಮೂಗನ್ನು ಹಾಜರುಪಡಿಸುವಂತಿಲ್ಲ.

4. ಗುಂಪು ತಡೆ ಸಮಿತಿಯ ಹದಿನಾಲ್ಕೂ ಸದಸ್ಯರು ಒಟ್ಟಿಗೆ ವಾರ್ಡಿಗೆ ನುಗ್ಗಿ, ಅಲ್ಲಿ ಗುಂಪಿಲ್ಲವೆಂದು ಖಚಿತಪಡಿಸಿಕೊಳ್ಳುವ ಪದ್ಧತಿಯನ್ನು ಕೈಬಿಡಲಾಗಿದೆ.

5. ಸುತ್ತೋಲೆಗಳನ್ನು ಜನ ಅತಿ ಹೆಚ್ಚು ಹೊತ್ತು ನೋಡುವ ಸ್ಥಳದಲ್ಲಿ, ಅಂದರೆ ವಾರ್ಡಿನ ಗಾಜಿನ ಕಿಟಕಿಯ ಮೇಲೆ, ಅಂಟಿಸಲಾಗಿತ್ತು. ಹದಿನಾರನೆಯದಕ್ಕೆ ಗಾಜು ಪೂರ್ತಿ ಮುಚ್ಚಿದ್ದು, ಇದನ್ನು ಕಚೇರಿಯ ಸಾಧನೆಯೆಂದು ದಾಖಲಿಸಲಾಗಿತ್ತು. ನಿನ್ನೆ ಮುಖ್ಯ ಶುಶ್ರೂಷಕಿಯವರು ಬಿಸಿನೀರು, ಬಟ್ಟೆ ಬಳಸಿ ನಾಲ್ಕು ಸುತ್ತೋಲೆಗಳನ್ನು ಉಜ್ಜಿ ತೆಗೆದಿರುತ್ತಾರೆ. ವಿವರಣೆ ಕೇಳಲಾಗಿ, "ಸಾರ್, ಜ್ವರ ಬಂದಿರೋ ಬಾಣಂತಿ ಮೂರು ದಿನದಿಂದ ಕೂಸನ್ನ ಮುಟ್ಟಿಲ್ಲ. ಹಾಲು ಹಿಂಡಿ ಕಳಿಸ್ತಾಳೆ, ಗಾಜಿನಾಚೆ ನಿಂತು ನೋಡ್ತಾಳೆ, ಅಷ್ಟೇ. ಅದಕ್ಕೂ ನಿಮ್ಮ ಕಾಗದ ಅಡ್ಡನಾ? ಬೇಕಾದ್ರೆ ಸಸ್ಪೆಂಡ್ ಮಾಡ್ಕೊಳ್ಳಿ, ಹೋಗಿ" ಎಂದಿರುತ್ತಾರೆ.

6. ಅದನ್ನೇ ಮಾಡುವ ಉದ್ದೇಶದಿಂದ ಅಧೀಕ್ಷಕರು ಸ್ಥಳ ಪರಿಶೀಲನೆಗೆ ತೆರಳಿ, ಹಾನಿಯ ಅಳತೆಗಾಗಿ ಟೇಪು ಹಿಡಿದು ಗಾಜಿನ ಮುಂದೆ ನಿಂತರು. ಆಗ ಮಾಸ್ಕ್ ಧರಿಸಿದ್ದ ಸದರಿ ಬಾಣಂತಿಯು, ನಿಗದಿತ ಅಂತರ ಕಾಯ್ದುಕೊಂಡು, "ಸಾರ್, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಮಗಳು ಕಾಣ್ತಿಲ್ಲ" ಎಂದರು. ಅಧೀಕ್ಷಕರು ಸರಿದು ನಿಂತರು. ಯಾವ ನಿಯಮದಡಿ ಸರಿದರೆಂಬುದು ಪರಿಶೀಲನೆಯಲ್ಲಿದೆ. ಅವರಿಗೆ ಬಹಳ ನಾಚಿಕೆಯಾಯಿತೆಂಬುದನ್ನು ಕಡತದಲ್ಲಿ ನಮೂದಿಸಲಾಗಿದೆ.

7. ಆದ್ದರಿಂದ ಅಮಾನತಿನ ಪ್ರಸ್ತಾವವನ್ನು ಕೈಬಿಡಲಾಗಿದೆ. ಉಳಿದ ಹನ್ನೆರಡು ಸುತ್ತೋಲೆಗಳನ್ನೂ ಇಂದೇ ತೆಗೆಯತಕ್ಕದ್ದು. ಗಾಜಿನ ಹೊರಗೆ ಒಂದು ಕುರ್ಚಿ ಹಾಕತಕ್ಕದ್ದು.

ಸಹಿ/-
ಅಧೀಕ್ಷಕರ ಪರವಾಗಿ, ಗುಮಾಸ್ತ
(ಅಧೀಕ್ಷಕರು ಗಾಜು ಉಜ್ಜಲು ಹೋಗಿರುವುದರಿಂದ)

ಪ್ರತಿಗಳು:
1. ಮುಖ್ಯ ಶುಶ್ರೂಷಕಿಯವರಿಗೆ: ಮಾಹಿತಿಗಾಗಿ, ಹಾಗೂ ಇನ್ನೊಂದು ಬಟ್ಟೆ ಒದಗಿಸುವ ಕೋರಿಕೆಯೊಂದಿಗೆ.
2. ಗುಂಪು ತಡೆ ಸಮಿತಿಗೆ: ಒಬ್ಬೊಬ್ಬರಾಗಿ ಬಂದು ಪಡೆಯಲು.
3. ಜ್ವರದ ಬಾಣಂತಿಗೆ: ಪ್ರತಿ ಕಳುಹಿಸಿಲ್ಲ. ಮಗಳನ್ನು ನೋಡುತ್ತಿದ್ದಾರೆ, ಯಾರೂ ಅಡ್ಡ ಬರಬಾರದು.