ನೂರೆರಡು ಡಿಗ್ರಿ ಕಾವು

ಡ್ರಾಯಿಂಗ್ ಮೇಷ್ಟ್ರು ಸೀನಬಾರದಿತ್ತು. ಸೀನಿದರೂ ಅಷ್ಟು ಜೋರಾಗಿ ಸೀನಬಾರದಿತ್ತು. ಜೋರಾಗಿ ಸೀನಲೇಬೇಕಿದ್ದರೆ, ಕಾವಿಗೆ ಕೂತ ಕೋಳಿಯಿಂದ ಮೂಗನ್ನು ಒಂದು ಮಾರಾದರೂ ದೂರ ಇಟ್ಟುಕೊಳ್ಳಬೇಕಿತ್ತು.

ಅಂದು ಭಾನುವಾರ. ಹಿತ್ತಿಲ ಮೂಲೆಯಲ್ಲಿ ಒಣಹುಲ್ಲು ಹಾಸಿದ ಬುಟ್ಟಿ, ಬುಟ್ಟಿಯಲ್ಲಿ ಅವರ ಹೆಂಡತಿಯ ಪ್ರಾಣವೇ ಆಗಿದ್ದ ಕೆಂಪು ಹೇಂಟೆ, ಹೇಂಟೆಯ ಹೊಟ್ಟೆಯಡಿ ಅರ್ಧ ಡಜನ್ ಮೊಟ್ಟೆ. ಆ ಕೋಳಿ ಕಾವಿಗೆ ಕೂತಾಗಿನಿಂದ ಮನೆಯಲ್ಲಿ ಅದರ ದರ್ಬಾರೇ ನಡೆದಿತ್ತು. ಮೇಷ್ಟ್ರ ಕಾಫಿ ತಡವಾದರೂ ಅದರ ನುಚ್ಚು ತಡವಾಗುತ್ತಿರಲಿಲ್ಲ. ತಂಗಿಯ ಕೂಸನ್ನು ನೋಡಿಬರಲು ಹಿಂದಿನ ದಿನ ಊರಿಗೆ ಹೊರಟ ಹೆಂಡತಿ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ್ದೂ ಕೋಳಿಯ ವಿಷಯವನ್ನೇ.

"ನಾಳೆ ಮರಿ ಹೊರಗೆ ಬರತ್ತೆ. ನೀವೇನೂ ಮಾಡೋಕೆ ಹೋಗ್ಬೇಡಿ. ಏನೂ ಮಾಡದೆ ಇರೋದು ನಿಮಗೆ ಹೇಗೂ ಅಭ್ಯಾಸ ಇದೆಯಲ್ಲ, ಅಷ್ಟು ಮಾಡಿ ಸಾಕು."

ಮೇಷ್ಟ್ರು ಏನೂ ಮಾಡಲು ಹೋಗಿರಲಿಲ್ಲ. ಮೊಟ್ಟೆಯೊಳಗಿಂದ ಟಕ್ ಟಕ್ ಎಂದು ಸದ್ದು ಬಂದಂತಾಗಿ, ಕಿವಿಗೊಟ್ಟು ಕೇಳೋಣವೆಂದು ಬಗ್ಗಿದರು. ಹುಲ್ಲಿನ ಧೂಳು ಮೂಗಿಗೆ ಹೋಯಿತು.

ಸೀನಿನ ಸದ್ದಿಗೆ ಹೇಂಟೆ ಬುಟ್ಟಿಯಿಂದ ಹಾರಿ ಬಚ್ಚಲ ಛಾವಣಿ ಮುಟ್ಟಿತು. ಅಲ್ಲಿಂದ ಪಕ್ಕದ ಟೈಲರ್ ಮನೆಯ ಹೆಂಚಿನ ತುದಿಗೆ ಹೋಗಿ ಕೂತು, ಮೇಷ್ಟ್ರನ್ನು ಬಾಯಿಗೆ ಬಂದಂತೆ ಬೈಯತೊಡಗಿತು. ಬುಟ್ಟಿಯಲ್ಲಿ ಮೊಟ್ಟೆಗಳು ಅನಾಥವಾಗಿ ಬಿದ್ದಿದ್ದವು. ಎರಡರ ಮೇಲೆ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು.

"ಬಾಮ್ಮ, ಬಾ. ತಪ್ಪಾಯ್ತು, ಇಳಿದು ಬಾ," ಎಂದು ಮೇಷ್ಟ್ರು ಅಕ್ಕಿಯ ತಟ್ಟೆ ಹಿಡಿದು ಬೇಡಿದರು. ಕೋಳಿ ಅವರ ಕಡೆ ಬಾಲ ತಿರುಗಿಸಿತು.

ಕಾಂಪೌಂಡಿನ ಆಚೆಯಿಂದ ಟೈಲರ್ ಹೆಂಡತಿಯ ತಲೆ ಎದ್ದಿತು. "ಏನ್ ಮೇಷ್ಟ್ರೇ, ಟೈರ್ ಸಿಡೀತಾ?"

"ಇಲ್ಲ ತಾಯಿ. ಸೀನಿದೆ."

"ಸೀನಾ! ನಮ್ಮೆಜಮಾನ್ರು ಮಿಷನ್ ಮೇಲಿಂದ ಎದ್ದು ಹೊರಗೆ ಓಡಿಬಂದ್ರು," ಎಂದು ಆಕೆ ಹೆಂಚಿನ ಮೇಲಿದ್ದ ಕೋಳಿಯನ್ನೂ ಬುಟ್ಟಿಯನ್ನೂ ನೋಡಿ ಕೆನ್ನೆಗೆ ಕೈ ಹಚ್ಚಿದಳು. "ಅಯ್ಯೋ, ಹೆದರಿದ ಕೋಳಿ ಇನ್ನು ಸಂಜೆವರೆಗೂ ಇಳಿಯಲ್ಲ. ಅಷ್ಟರೊಳಗೆ ಮೊಟ್ಟೆ ತಣ್ಣಗಾಯ್ತು ಅಂದ್ರೆ ಒಳಗಿನ ಮರಿ ಒಳಗೇ. ನಿಮ್ಮನೆಯವರು ಸಂಜೆ ಬಸ್ಸಿಗೇ ಅಲ್ವಾ ಬರೋದು?"

ಆ ಕೊನೆಯ ಪ್ರಶ್ನೆ ಕೇಳಿದ್ದೇ ಮೇಷ್ಟ್ರು ಬಲ್ಬಿನ ಶಾಖ ಕೊಡೋಣವೆಂದು ಒಳಗೆ ಓಡಿ ಸ್ವಿಚ್ ಒತ್ತಿದರು. ಕರೆಂಟಿರಲಿಲ್ಲ. ಬಿಸಿನೀರಿನ ಬಾಟಲಿ ತಂದು ಬಟ್ಟೆ ಸುತ್ತಿ ಇಟ್ಟರು. "ಬೇಯಿಸ್ತಾ ಇದ್ದೀರೋ, ಮರಿ ಮಾಡಿಸ್ತಾ ಇದ್ದೀರೋ?" ಎಂದು ಕಾಂಪೌಂಡಿನ ಆಚೆಯಿಂದ ಪ್ರಶ್ನೆ ಬಂತು. ಬಾಟಲಿಯನ್ನು ತೆಗೆದರು.

ಅಷ್ಟರಲ್ಲಿ ಗಲಾಟೆ ಕೇಳಿ ಕಾಂಪೌಂಡರ್ ತಾತ ಬಂದರು. ಕೆಲಸದಿಂದ ನಿವೃತ್ತರಾದ ಮೇಲೆ ಇಡೀ ಬೀದಿಯನ್ನೇ ಆಸ್ಪತ್ರೆ ಮಾಡಿಕೊಂಡಿದ್ದ ಅವರ ಜೇಬಿನಲ್ಲಿ ಪೆನ್ನಿಗೆ ಬದಲು ಥರ್ಮಾಮೀಟರ್ ಇರುತ್ತಿತ್ತು. ಮೊಟ್ಟೆಯೊಂದನ್ನು ಕಿವಿಗೆ ಹಿಡಿದು, ನಾಡಿ ನೋಡುವವರಂತೆ ಕಣ್ಣು ಮುಚ್ಚಿದರು.

"ಜೀವ ಇದೆ. ಆದ್ರೆ ಈಗಿಂದೀಗಲೇ ಶಾಖ ಬೇಕು."

"ನನ್ನ ಬನಿಯನ್ ಒಳಗೆ ಇಟ್ಕೊಳ್ಲಾ ತಾತ?"

"ನಿಮ್ಮ ಮೈಶಾಖ ಸಾಲಲ್ಲ. ಕೋಳಿ ಕಾವು ಅಂದ್ರೆ ಮನುಷ್ಯನಿಗೆ ಜ್ವರ ಬಂದಷ್ಟು ಬಿಸಿ. ನೂರೆರಡು ಡಿಗ್ರಿ ಅಂತಿಟ್ಕೊಳ್ಳಿ." ತಾತ ಗಡ್ಡ ಕೆರೆದರು. "ಸದ್ಯಕ್ಕೆ ಈ ಬೀದೀಲಿ ನೂರೆರಡು ಇರೋದು ಒಬ್ಬರಿಗೇ. ಈಗಷ್ಟೇ ನೋಡ್ಕೊಂಡು ಬಂದೆ."

"ಯಾರಿಗೆ?"

"ನಿಮ್ಮ ಹೆಡ್ಮಾಸ್ಟರಿಗೆ."

ಮೇಷ್ಟ್ರು ಹೆಂಚಿನ ಮೇಲಿದ್ದ ಕೋಳಿಯ ಕಡೆ ಇನ್ನೊಮ್ಮೆ ನೋಡಿದರು. ಆ ಹೆಡ್ಮಾಸ್ಟರು ಕೆಮ್ಮಿದರೆ ಶಾಲೆಯ ಕೊನೆಯ ಕೋಣೆಯಲ್ಲಿ ಮಕ್ಕಳು ಮಗ್ಗಿ ಮರೆಯುತ್ತಿದ್ದರು. ಡ್ರಾಯಿಂಗ್ ಎನ್ನುವುದು ಗೋಡೆ ಕೊಳೆ ಮಾಡುವ ವಿದ್ಯೆ ಎಂಬುದು ಅವರ ಅಭಿಪ್ರಾಯ. ಅವರೆದುರು ನಿಂತಾಗ ಮೇಷ್ಟ್ರಿಗೆ ತಮ್ಮ ಹೆಸರೂ ನೆನಪಿಗೆ ಬರುತ್ತಿರಲಿಲ್ಲ. ಆದರೆ ಸಂಜೆ ಬಸ್ಸಿಳಿದು ಬರುವ ಹೆಂಡತಿಯ ಮುಖ ನೆನಪಿಗೆ ಬಂತು. ಎರಡು ಭಯಗಳನ್ನೂ ತಕ್ಕಡಿಯಲ್ಲಿ ಹಾಕಿ ತೂಗಿದರು. ಹೆಂಡತಿಯ ತಟ್ಟೆ ನೆಲ ಮುಟ್ಟಿತು.

ಮೊಟ್ಟೆಗಳನ್ನು ಉಣ್ಣೆಯ ಟೋಪಿಯಲ್ಲಿ ತುಂಬಿ, ಟೋಪಿಯನ್ನು ಅಂಗಿಯೊಳಗೆ ಅವುಚಿ ಹಿಡಿದು, ಅವರು ಹೆಡ್ಮಾಸ್ಟರ ಮನೆಯ ಬಾಗಿಲು ತಟ್ಟಿದರು.

"ಏನ್ ಮೇಷ್ಟ್ರೇ, ಹೊಟ್ಟೆ ಹಿಡ್ಕೊಂಡಿದ್ದೀರಿ, ನೋವಾ?" ಎಂದರು ಹೆಡ್ಮಾಸ್ಟರ ಹೆಂಡತಿ.

"ಸಾರ್‌ಗೆ ಜ್ವರ ಅಂತ ಕೇಳಿದ ತಕ್ಷಣ ಹೊಟ್ಟೇಲಿ ಏನೋ ಸಂಕಟ ಆಯ್ತಮ್ಮ. ನಾನು ಸಾರ್ ಪಕ್ಕ ಕೂತಿರ್ತೀನಿ. ನೀವು ಹೋಗಿ ಸ್ವಲ್ಪ ಮಲಗಿ."

ಎರಡು ದಿನದಿಂದ ಕಣ್ಣು ಮುಚ್ಚದ ಆಕೆಯ ಕಣ್ಣು ತುಂಬಿತು. "ಶಾಲೆಯಿಂದ ಒಬ್ಬರೂ ಈ ಕಡೆ ತಲೆ ಹಾಕಿಲ್ಲ. ನಿಮ್ಮಂಥ ಒಳ್ಳೆಯವರನ್ನ ಇವರು ದಿನಾ ಬೈತಾರಲ್ಲ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಹೆಡ್ಮಾಸ್ಟರು ಎರಡು ಕಂಬಳಿಗಳ ಕೆಳಗೆ ಕಾದ ಹೆಂಚಿನಂತೆ ಮಲಗಿದ್ದರು. ಹಣೆ ಮುಟ್ಟಿದ ಮೇಷ್ಟ್ರಿಗೆ ಅವರ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು. ಎಂಥ ಬಿಸಿ! ಕಂಬಳಿ ಸರಿಸಿ ಮೊಟ್ಟೆಗಳನ್ನು ಒಂದೊಂದಾಗಿ ಕಂಕುಳ ಬದಿಗೆ ಜೋಡಿಸಿ ಮತ್ತೆ ಹೊದಿಸಿದರು. ಹೆಡ್ಮಾಸ್ಟರು ನಿದ್ದೆಯಲ್ಲೇ "ಸೈಲೆನ್ಸ್" ಎಂದರು.

ಆಮೇಲಿನ ಗಂಟೆಗಳು ಮೇಷ್ಟ್ರಿಗೇ ಗೊತ್ತು. ಹೆಡ್ಮಾಸ್ಟರು ಮಗ್ಗುಲು ಬದಲಿಸಲು ಹೋದಾಗಲೆಲ್ಲ ಇವರು ಭುಜ ಹಿಡಿದು ಅಂಗಾತ ಮಲಗಿಸುತ್ತಿದ್ದರು. ಹಣೆಗೆ ತಣ್ಣೀರು ಬಟ್ಟೆ ಹಾಕಲು ಬಂದ ಆಕೆಗೆ, "ಬೇಡಮ್ಮ, ಶೀತ ಆದೀತು" ಎಂದರು. ಕರೆಂಟು ಬಂದರೂ ಫ್ಯಾನು ತಿರುಗದಂತೆ ಹೆಡ್ಮಾಸ್ಟರ ಪಂಚೆಯಿಂದಲೇ ರೆಕ್ಕೆ ಕಟ್ಟಿದರು. ಪಾಪಪ್ರಜ್ಞೆ ಕಾಡಿದಾಗಲೆಲ್ಲ ಹಣೆ ಮುಟ್ಟಿ ನೋಡುತ್ತಿದ್ದರು. ಬಿಸಿ ಹಾಗೇ ಇದೆ ಎಂದು ತಿಳಿದು ನೆಮ್ಮದಿಯಾಗುತ್ತಿತ್ತು. ನೆಮ್ಮದಿಯಾಯಿತಲ್ಲ ಎಂದು ಮತ್ತೆ ಪಾಪಪ್ರಜ್ಞೆ ಕಾಡುತ್ತಿತ್ತು.

ಮಧ್ಯಾಹ್ನ ಕಾಂಪೌಂಡರ್ ತಾತ ಮಾತ್ರೆ ಹಿಡಿದು ಬಂದರು.

"ತಾತ, ಇದನ್ನ ಕೊಟ್ರೆ ಜ್ವರ ಇಳಿಯತ್ತಾ?" ಎಂದು ಮೇಷ್ಟ್ರು ಪಿಸುಗುಟ್ಟಿದರು.

"ಇಳಿಸೋಕೇ ತಾನೇ ಕೊಡೋದು?"

"ಸಂಜೆ ಕೊಡಿ ತಾತ. ಮೂರು ಮೊಟ್ಟೆ ಬಿರುಕು ಬಿಟ್ಟಿದೆ."

"ರೀ, ಒಳಗಿರೋದು ನಿಮ್ಮ ಹೆಡ್ಮಾಸ್ಟರು ಕಣ್ರೀ! ಮನುಷ್ಯನ ಜೀವ!"

"ಅರ್ಧ ಮಾತ್ರೆ ಕೊಡಿ ಹಾಗಾದ್ರೆ."

ತಾತ ಕಂಬಳಿಯತ್ತ ನೋಡಿದರು, ಮಾತ್ರೆಯತ್ತ ನೋಡಿದರು. ವೈದ್ಯಶಾಸ್ತ್ರಕ್ಕೂ ಕುತೂಹಲಕ್ಕೂ ಜಗಳವಾಗಿ ಕೊನೆಗೆ ಮಾತ್ರೆ ಎರಡು ತುಂಡಾಯಿತು. ಅರ್ಧ ಹೆಡ್ಮಾಸ್ಟರ ಬಾಯಿಗೆ ಹೋಯಿತು, ಉಳಿದರ್ಧ ತಾತನ ಜೇಬಿಗೆ. ಫಲಿತಾಂಶ ನೋಡಿಯೇ ಹೋಗುವುದೆಂದು ತಾತ ಕುರ್ಚಿ ಎಳೆದುಕೊಂಡು ಕೂತರು.

ಹೊತ್ತು ಇಳಿಯುವಾಗ ಕಂಬಳಿಯೊಳಗಿಂದ "ಚಿಂವ್" ಎಂದಿತು.

ಹೆಡ್ಮಾಸ್ಟರು ಕಣ್ಣು ಬಿಟ್ಟರು. "ಯಾರದು? ಡ್ರಾಯಿಂಗಾ?"

"ಹೌದು ಸಾರ್."

"ನನ್ನ ಎದೇಲಿ ಏನೋ ಕೂಗ್ತಿದೆಯಲ್ರೀ."

"ಕಫ ಸಾರ್."

"ಚಿಂವ್, ಚಿಂವ್," ಎಂದಿತು ಕಫ. ಸದ್ದಿಗೆ ಎದ್ದು ಬಂದ ಹೆಡ್ಮಾಸ್ಟರ ಹೆಂಡತಿ ಗಂಡನ ಎದೆಗೆ ಕಿವಿಯಿಟ್ಟು ಕೇಳಿದರು. "ಇದೆಂಥ ಕಫ! ಇವರ ಗಂಟಲಿಂದ ಇಷ್ಟು ಮುದ್ದಾದ ಸದ್ದು ಯಾವತ್ತೂ ಬಂದಿಲ್ಲ."

ಅಷ್ಟರಲ್ಲಿ ಹೆಡ್ಮಾಸ್ಟರ ಅಂಗಿಯ ಕಾಲರಿನಿಂದ ಒದ್ದೆ ಹಳದಿ ತಲೆಯೊಂದು ಹೊರಬಂದು, ಅವರ ಗಲ್ಲವನ್ನು ಕುಟುಕಿತು. ಅದರ ಹಿಂದೆ ಇನ್ನೊಂದು. ಮೇಷ್ಟ್ರು ಗೋಡೆಗೆ ಒತ್ತಿಕೊಂಡು ನಿಂತು, ಮೊಟ್ಟೆಯಿಂದ ಶುರುಮಾಡಿ ಸೀನಿನವರೆಗೆ ಎಲ್ಲವನ್ನೂ ಹಿಂದುಮುಂದಾಗಿ ಒಪ್ಪಿಸಿದರು. ಒಪ್ಪಿಸುತ್ತಲೇ ಮನಸ್ಸಿನಲ್ಲಿ ವರ್ಗಾವಣೆಯ ಟ್ರಂಕು ಕಟ್ಟುತ್ತಿದ್ದರು.

ಹೆಡ್ಮಾಸ್ಟರು ಎರಡು ಬೆರಳಿನಲ್ಲಿ ಮರಿಯನ್ನೆತ್ತಿ ಅಂಗೈ ಮೇಲೆ ಇಟ್ಟುಕೊಂಡರು. ಅದು ತೂಕಡಿಸಿ ಅಲ್ಲೇ ಮಲಗಿತು. ಇಷ್ಟು ವರ್ಷಗಳಲ್ಲಿ ಅವರ ಹತ್ತಿರ ಹೆದರದೆ ಬಂದ ಮೊದಲ ಜೀವ ಅದು. ಗಡುಸಾದ ಆ ಮುಖ ಬೆಣ್ಣೆಯಂತೆ ಕರಗಿತು.

"ಮೇಷ್ಟ್ರೇ," ಎಂದರು ಮೆಲ್ಲಗೆ, "ಇವಕ್ಕೆ ಕಾವು ಕೊಟ್ಟಿದ್ದು ಯಾರು?"

"ತಾವು ಸಾರ್."

"ಹಾಗಾದ್ರೆ ಮರಿ ಯಾರದ್ದು?"

ಮೇಷ್ಟ್ರು ತಾತನ ಮುಖ ನೋಡಿದರು. ತಾತ ಸೂರಿನ ಜಂತೆ ಎಣಿಸುತ್ತಿದ್ದರು.

"ತಮ್ಮದೇ ಸಾರ್," ಎಂದರು ಮೇಷ್ಟ್ರು.

"ಸರಿ. ಆದ್ರೆ ಎಳೆ ಕೂಸುಗಳು, ತಾಯಿ ಬೇಡ್ವಾ? ಆ ಹೇಂಟೇನೂ ತಂದುಬಿಡಿ. ನಾಳೆ ಡ್ರಾಯಿಂಗ್ ಪೀರಿಯಡ್ಡಿಗೆ ನಾನೇ ಬಂದು ಕೂರ್ತೀನಿ, ಮಕ್ಕಳಿಗೆ ಕೋಳಿ ಬಿಡಿಸೋದು ಹೇಳಿಕೊಡಿ."

ಸಂಜೆ ಬಸ್ಸಿಳಿದು ಬಂದ ಹೆಂಡತಿಗೆ ಮನೆಯಲ್ಲಿ ಸಿಕ್ಕಿದ್ದು ಖಾಲಿ ಬುಟ್ಟಿ, ಮತ್ತು ಹೇಂಟೆ ಹಿಡಿದು ಹೆಡ್ಮಾಸ್ಟರಿಗೆ ಒಪ್ಪಿಸಲು ಹೆಂಚಿನ ಮೇಲೆ ಹತ್ತಿ ಮಂಡಿ ತರಚಿಕೊಂಡ ಗಂಡ. ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಎರಡು ದಿನ ಮೇಷ್ಟ್ರ ಕಡೆ ನೋಡದೆ ಊಟದ ತಟ್ಟೆಯನ್ನು ನೆಲದ ಮೇಲೆ ದೂಡಿದಳು, ಅಷ್ಟೇ. ಹೆಡ್ಮಾಸ್ಟರು ಮಾತ್ರ ಜ್ವರ ಬಿಟ್ಟು, ದಿನಾ ಬೆಳಿಗ್ಗೆ ಅದೇ ಬೀದಿಯಲ್ಲಿ ಮರಿಗಳನ್ನು ಹಿಂದೆ ಹಾಕಿಕೊಂಡು ವಾಕಿಂಗ್ ಹೋಗುತ್ತಿದ್ದರು.

ಮೂರನೆಯ ಬೆಳಿಗ್ಗೆ ಮೇಷ್ಟ್ರಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಮೈ ನಡುಗುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ದಿನವಿಡೀ ಹೆಡ್ಮಾಸ್ಟರ ಉಸಿರಿಗೆ ಉಸಿರು ತಾಗಿಸಿ ಕೂತಿದ್ದಕ್ಕೆ ಪ್ರಸಾದ ಸಿಕ್ಕಿತ್ತು. ಹೆಂಡತಿ ಬಂದು ಹಣೆಯ ಮೇಲೆ ಕೈಯಿಟ್ಟಳು. ಸಿಡುಕಿನ ಮುಖ ಅರಳಿತು.

"ಅಯ್ಯೋ, ಕೆಂಡದ ಹಾಗೆ ಸುಡ್ತಿದೆಯಲ್ಲ!" ಎಂದು ಅವಸರವಾಗಿ ಕಂಬಳಿ ತಂದು ಹೊದಿಸಿದಳು, ಅದರ ಮೇಲೆ ಇನ್ನೊಂದು ಹೊದಿಸಿದಳು. "ಅಲುಗಾಡಬೇಡಿ, ಹೀಗೇ ಮಲಗಿರಿ. ಈಗ ಬಂದೆ," ಎಂದು ಹೊರಗೆ ಓಡಿದಳು.

ಎಷ್ಟಾದರೂ ಕೈಹಿಡಿದವಳು, ಎಂದು ಮೇಷ್ಟ್ರ ಕಣ್ಣಲ್ಲಿ ನೀರಾಡಿತು. ತನ್ನ ಕೋಳಿ ಹೋದರೂ ಗಂಡ ಬೇಕಲ್ಲ ಅವಳಿಗೆ. ಸ್ವಲ್ಪ ಹೊತ್ತಿಗೆ ಹೆಜ್ಜೆ ಸಪ್ಪಳವಾಯಿತು. ಕಾಂಪೌಂಡರ್ ತಾತ ಬಾಯಿಗೆ ಥರ್ಮಾಮೀಟರ್ ಇಟ್ಟರು. ಅದೇ ಹೊತ್ತಿಗೆ ಕಂಬಳಿಯೊಳಗೆ ಪಕ್ಕೆಗೆ ತಣ್ಣಗೆ, ದುಂಡಗೆ ಏನೋ ತಗುಲಿತು. ಅದರ ಪಕ್ಕದಲ್ಲಿ ಇನ್ನೊಂದು. ಮತ್ತೊಂದು.

"ಟೈಲರ್ ಮನೆಯವರು ಒಂದು ಡಜನ್ ಕೊಟ್ರು, ಪಾಪ. ಎಲ್ಲ ಈ ವಾರ ಇಟ್ಟಿದ್ದಂತೆ," ಎಂದಳು ಹೆಂಡತಿ, ಕಂಬಳಿಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸುತ್ತ.

ಮೇಷ್ಟ್ರು ಬಾಯಿಂದ ಥರ್ಮಾಮೀಟರ್ ಕಿತ್ತುಕೊಂಡರು. "ಲೇ, ಹೊಸ ಮೊಟ್ಟೆ ಮರಿ ಆಗೋಕೆ ಮೂರು ವಾರ ಬೇಕು ಕಣೇ! ಅಷ್ಟು ದಿನ ಜ್ವರ ಇರತ್ತಾ?"

ಹೆಂಡತಿ ಆತಂಕದಿಂದ ತಾತನ ಕಡೆ ತಿರುಗಿದಳು. ತಾತ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ನೋಡಿ, ಮೇಷ್ಟ್ರ ನಾಲಿಗೆ ನೋಡಿ, ಹೊಟ್ಟೆ ತಟ್ಟಿ ನೋಡಿ, ಆಕೆಗೆ ಧೈರ್ಯ ಹೇಳಿದರು.

"ಏನೂ ಯೋಚನೆ ಮಾಡ್ಬೇಡಮ್ಮ. ನೋಡಿದ್ರೆ ಟೈಫಾಯಿಡ್ ಥರಾನೇ ಇದೆ."